ಅಕ್ಕ ಹೊತ್ತ ಮಾತುಗಳು

ಅಕ್ಕನಿಗೆ ಹೊಟ್ಟೆನೋವು ಶುರುವಾದದ್ದು ಅವಳು ಹತ್ತನೇ ತರಗತಿಗೆ ಬಂದ ವರ್ಷ. ಬೆಳಗ್ಗೆ ಎದ್ದರೆ ನೋವು, ಊಟಕ್ಕೆ ಕೂತರೆ ನೋವು. ಅಮ್ಮ ಮಾಡದ ಮನೆಮದ್ದಿಲ್ಲ. ಎರಡು ಕಡೆ ಡಾಕ್ಟರಿಗೆ ತೋರಿಸಿದ್ದಾಯಿತು. ರಕ್ತ ತೆಗೆದು ನೋಡಿದರು, ಹೊಟ್ಟೆಯ ಸ್ಕ್ಯಾನ್ ಮಾಡಿ ನೋಡಿದರು. ಏನೂ ಇಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಆ ನೋವಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಅಪ್ಪ ಸೋಮಾರಿತನ ಎಂದರು. ಅಮ್ಮ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ಎಂದಳು. ಪಕ್ಕದ ಮನೆಯ ದೊಡ್ಡಮ್ಮ "ಎಲ್ಲಾ ವಯಸ್ಸಿನ ಆಟ ಕಣೇ" ಎಂದು ಕೈ ಆಡಿಸಿದರು. ನನಗೆ ಆಗ ಒಂಬತ್ತು ವರ್ಷ. ಅಕ್ಕನಿಗೆ ಶಾಲೆ ತಪ್ಪಿಸಲು ಸಿಗುತ್ತದಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ಇದು ಮೂವತ್ತು ವರ್ಷದ ಹಿಂದಿನ ಮಾತು. ಈಗಲೂ ಎಲ್ಲಾದರೂ ಮೆಷಿನ್ ಎಣ್ಣೆಯ ವಾಸನೆ ಬಂದರೆ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಆ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಉದ್ದಕ್ಕೆ, ರೈಲಿನ ಡಬ್ಬಿಯ ಹಾಗಿದ್ದ ಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ಅಂಗಡಿ. ಅಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಅಂಗಡಿ ದಾಟಿದರೆ ನಡುಮನೆ. ಅಲ್ಲಿ ಕಿಟಕಿಯ ಬೆಳಕಿಗೆ ಅಮ್ಮನ ಮೆಷಿನ್. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅದರ ಹಿಂದೆ ಅಡುಗೆಮನೆ, ಆಮೇಲೆ ಬಟ್ಟೆ ಒಗೆಯುವ ಕಲ್ಲು. ಅಂಗಡಿಯಿಂದ ಅಡುಗೆಮನೆಗೆ ಹದಿನೇಳು ಹೆಜ್ಜೆ. ನಾನು ಎಣಿಸಿದ್ದೆ.

ಬೀದಿಯವರೆಲ್ಲ ಅಪ್ಪನನ್ನು "ಮೆಷಿನ್ ಡಾಕ್ಟ್ರು" ಎಂದೇ ಕರೆಯುತ್ತಿದ್ದರು. ಯಾರಾದರೂ ಕೆಟ್ಟ ಮೆಷಿನ್ ತಂದಿಟ್ಟರೆ ಅಪ್ಪ ಮೊದಲು ಅದನ್ನು ಬಿಚ್ಚುತ್ತಿರಲಿಲ್ಲ. ಕಣ್ಣು ಮುಚ್ಚಿ ಚಕ್ರ ತಿರುಗಿಸಿ ಸದ್ದು ಕೇಳುತ್ತಿದ್ದರು. ಆಮೇಲೆ "ಇಲ್ಲಿದೆ ಕಳ್ಳ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅಮ್ಮನ ಮೆಷಿನ್ ನೂಲು ಕಡಿದರೆ ನಡುಮನೆಯಿಂದಲೇ ಕೂಗು ಕೇಳುತ್ತಿತ್ತು.

"ರೀ, ಊರಿಗೆಲ್ಲಾ ಡಾಕ್ಟ್ರು, ಮನೆ ಮೆಷಿನ್ನಿಗೆ ಗತಿ ಇಲ್ಲ!"

"ಮೆಷಿನ್ನಿಗೆ ಏನೂ ಆಗಿಲ್ಲ ಕಣೇ. ಹೊಲಿಯೋರ ಗಮನ ಬೇರೆ ಎಲ್ಲೋ ಇದೆ."

"ಗಮನ ಒಲೆ ಮೇಲಿದೆ. ಬಂದು ನೋಡ್ತೀರೋ, ಇಲ್ಲ ಇವತ್ತು ಉಪವಾಸವೋ?"

ಅಪ್ಪ ನಗುತ್ತಾ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದರು. ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಾವು ನಾಲ್ಕೂ ಜನ ಕೂರುತ್ತಿದ್ದೆವು. ಅಕ್ಕ ಶಾಲೆಯ ಮೇಷ್ಟ್ರುಗಳು ನಡೆಯುವ ಹಾಗೆ ನಡೆದು ತೋರಿಸುತ್ತಿದ್ದಳು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ನಮ್ಮದು ಅನುಕೂಲಸ್ಥರ ಮನೆ ಅಲ್ಲ. ಮಳೆ ಬಂದರೆ ನಡುಮನೆಯಲ್ಲಿ ಎರಡು ಕಡೆ ಪಾತ್ರೆ ಇಡಬೇಕಿತ್ತು. ಆದರೂ ಆ ಮೆಟ್ಟಿಲ ಮೇಲೆ ಕೂತಾಗ ನನಗೆ ಯಾವುದರ ಕೊರತೆಯೂ ಕಾಣುತ್ತಿರಲಿಲ್ಲ.

ಅದೆಲ್ಲ ಒಂದೇ ದಿನದಲ್ಲಿ ನಿಂತಿತು.

ಬೇರೆ ಊರಿನಲ್ಲಿದ್ದ ಅಜ್ಜಿಗೆ, ಎಂದರೆ ಅಮ್ಮನ ಅಮ್ಮನಿಗೆ, ಹುಷಾರಿಲ್ಲ ಎಂದು ಒಂದು ಮಧ್ಯಾಹ್ನ ಫೋನ್ ಬಂತು. ಅಮ್ಮ ಹೊರಡಲು ಬ್ಯಾಗು ತೆಗೆದಳು. ಅಪ್ಪನ ಅಂಗಡಿಯಲ್ಲಿ ಹೊಲಿಗೆ ತರಬೇತಿ ಕೇಂದ್ರದ ಹತ್ತು ಮೆಷಿನ್‌ಗಳಿದ್ದವು. ಅವತ್ತೇ ಸಂಜೆ ಕೊಡಬೇಕಾದ ಕೆಲಸ. "ಇವತ್ತೊಂದಿನ ತಡ್ಕೋ. ಮಕ್ಕಳನ್ನ ಯಾರು ನೋಡ್ತಾರೆ? ನಾಳೆ ಮೊದಲ ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದರು ಅಪ್ಪ. ಅಮ್ಮ ಬ್ಯಾಗು ಕೆಳಗಿಟ್ಟಳು. ಮರುದಿನ ಅವರು ಬಸ್ ಹತ್ತುವ ಮೊದಲೇ ಅಜ್ಜಿ ತೀರಿಕೊಂಡ ಸುದ್ದಿ ಬಂತು.

ಅಜ್ಜಿಯ ಮನೆಯಿಂದ ಹಿಂತಿರುಗಿದ ಮೇಲೆ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಜಗಳ ಆಡಲಿಲ್ಲ, ಬೈಯಲಿಲ್ಲ, ಸುಮ್ಮನೆ ಬಾಯಿಗೆ ಬೀಗ ಹಾಕಿಕೊಂಡಳು. ಅಪ್ಪ ಮೊದಲ ವಾರ ಏನೋ ಹೇಳಲು ಹೋದರು, ಬಾಯಿ ಬರಲಿಲ್ಲ. ಆಮೇಲೆ ಅವರೂ ಸುಮ್ಮನಾದರು.

ಒಂದೇ ಮನೆಯಲ್ಲಿ ಇದ್ದ ಮೇಲೆ ಮಾತಿಲ್ಲದೆ ದಿನ ಸಾಗುವುದಿಲ್ಲ. ಆ ಮಾತುಗಳನ್ನೆಲ್ಲ ಹೊರುವ ಕೆಲಸ ಅಕ್ಕನ ತಲೆಗೆ ಬಂತು.

"ಹೇಳು ನಿಮ್ಮಪ್ಪನಿಗೆ, ಬೇಕಾದ್ರೆ ಬಂದು ತಿನ್ಲಿ, ಇಲ್ಲಾಂದ್ರೆ ಬಿಡ್ಲಿ" ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು. ಅಕ್ಕ ಹದಿನೇಳು ಹೆಜ್ಜೆ ನಡೆದು ಅಂಗಡಿಗೆ ಹೋಗಿ, "ಅಪ್ಪಾ, ಊಟ ಬಿಸಿ ಇದೆ. ಅಮ್ಮ ಕಾಯ್ತಿದಾಳೆ" ಎನ್ನುತ್ತಿದ್ದಳು. ಅಪ್ಪ ತಲೆ ಎತ್ತದೆ, "ನಂಗೋಸ್ಕರ ಯಾರೂ ಕಾಯೋದು ಬೇಡ ಅಂತ ಹೇಳು" ಎನ್ನುತ್ತಿದ್ದರು. ಅಕ್ಕ ಮತ್ತೆ ಒಳಗೆ ಬಂದು, "ಐದೇ ನಿಮಿಷ ಅಂತೆ ಅಮ್ಮ, ಕೈ ತೊಳ್ಕೊಂಡು ಬರ್ತಾರಂತೆ" ಎನ್ನುತ್ತಿದ್ದಳು. ಹಾಗೆ ಹೇಳಿದ ಮೇಲೆ ಐದು ನಿಮಿಷದಲ್ಲಿ ಅಪ್ಪ ಬರಬೇಕಲ್ಲ? ಅದಕ್ಕೆ ಅವಳು ಮತ್ತೆ ಅಂಗಡಿಗೆ ಓಡಿ, ಅಪ್ಪನ ತೋಳು ಹಿಡಿದು ಗೋಗರೆಯುತ್ತಿದ್ದಳು.

ಅವಳು ಮಾತನ್ನು ಇದ್ದ ಹಾಗೆ ಒಂದು ದಿನವೂ ಒಯ್ಯಲಿಲ್ಲ. ದಾರಿಯಲ್ಲಿ ಅದರ ಮುಳ್ಳು ಮುರಿದು ಒಯ್ಯುತ್ತಿದ್ದಳು. ಅವಳಿಗೆ ಹದಿನೈದು ವರ್ಷ.

ಎಂಟು ತಿಂಗಳು ಹೀಗೇ ನಡೆಯಿತು. ಅಕ್ಕ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಳು. ಗೆಳತಿಯರು ಬಂದರೆ ತಲೆನೋವು ಎಂದು ಕಳಿಸುತ್ತಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಲೆಕ್ಕದ ಮೇಷ್ಟ್ರು ಒಂದು ಚೀಟಿ ಬರೆದು ಕಳಿಸಿದರು: "ನಿಮ್ಮ ಮಗಳು ತರಗತಿಯಲ್ಲಿ ಕೂತಿರುತ್ತಾಳೆ, ಆದರೆ ಮನಸ್ಸು ಅಲ್ಲಿರುವುದಿಲ್ಲ. ದಯವಿಟ್ಟು ಬಂದು ಮಾತಾಡಿ." ಆ ಚೀಟಿಯನ್ನು ಅಪ್ಪನಿಗೆ ಕೊಡು ಎಂದು ಅಮ್ಮ ಅಕ್ಕನ ಕೈಗೇ ಕೊಟ್ಟಳು. ಅಮ್ಮನಿಗೆ ಕೊಡು ಎಂದು ಅಪ್ಪ ಮತ್ತೆ ಅವಳ ಕೈಗೇ ಕೊಟ್ಟರು. ಇಬ್ಬರೂ ಹೋಗಲಿಲ್ಲ.

ಆಮೇಲೆ ಅಕ್ಕ ಶಾಲೆಯಿಂದ ತಡವಾಗಿ ಬರತೊಡಗಿದಳು. ಕೇಳಿದರೆ ಸ್ಪೆಷಲ್ ಕ್ಲಾಸ್ ಎನ್ನುತ್ತಿದ್ದಳು. ಎರಡು ವಾರ ಕಳೆದಿರಬೇಕು, ಒಂದು ಸಂಜೆ ಅವಳು ನರ್ಸಮ್ಮನ ಜೊತೆ ಬಂದಳು.

ನರ್ಸಮ್ಮ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದರು. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷದಿಂದ ನರ್ಸ್. ಬೀದಿಯ ಅರ್ಧ ಮಕ್ಕಳಿಗೆ ಚುಚ್ಚುಮದ್ದು ಹಾಕಿದ ಕೈ ಅವರದು. ಅದಕ್ಕೇ ಅವರನ್ನು ಕಂಡರೆ ಚಿಕ್ಕವರು ಓಡುತ್ತಿದ್ದರು, ದೊಡ್ಡವರು ಕುರ್ಚಿ ಕೊಡುತ್ತಿದ್ದರು. ಅಪ್ಪ ಕುರ್ಚಿಯ ಮೇಲಿದ್ದ ಬೆಲ್ಟು, ಬಾಬಿನ್ನುಗಳನ್ನು ಸರಿಸಿ ಜಾಗ ಮಾಡಿದರು.

"ನಿಮ್ಮ ಹೆಂಡ್ತೀನೂ ಕರೀರಿ" ಎಂದರು ನರ್ಸಮ್ಮ.

ಅಪ್ಪ ಅಕ್ಕನ ಕಡೆ ನೋಡಿದರು. "ಹೋಗಿ ಅಮ್ಮಂಗೆ ಬರ್ಬೇಕಂತೆ ಅನ್ನು."

"ಅವಳನ್ನಲ್ಲ, ನೀವು ಕರೀರಿ" ಎಂದರು ನರ್ಸಮ್ಮ.

ಅಪ್ಪ ತಡವರಿಸಿದರು. ಅಷ್ಟರಲ್ಲಿ ಅಮ್ಮ ತಾನೇ ಬಂದು ನಡುಮನೆಯ ಬಾಗಿಲಲ್ಲಿ ನಿಂತಳು. ನಾನು ಅವಳ ಸೆರಗಿನ ಹಿಂದೆ.

"ಎರಡು ವಾರದಿಂದ ನಿಮ್ಮ ಮಗಳು ಶಾಲೆ ಮುಗಿಸ್ಕೊಂಡು ನಮ್ಮ ಆಸ್ಪತ್ರೆಗೆ ಬರ್ತಿದಾಳೆ. ಚೀಟಿ ಮಾಡ್ಸಿಲ್ಲ, ಡಾಕ್ಟ್ರನ್ನ ನೋಡಿಲ್ಲ. ರೋಗಿಗಳು ಕಾಯೋ ಹಾಲ್‌ನಲ್ಲಿ ಕೊನೇ ಬೆಂಚಲ್ಲಿ ಕೂತಿರ್ತಾಳೆ. ಯಾರ ಜೊತೆಗೋ ಬಂದಿದಾಳೆ ಅಂದ್ಕೊಂಡಿದ್ದೆ. ಇವತ್ತು ಹಾಲ್ ಖಾಲಿ ಆಯ್ತು, ಇವಳೊಬ್ಬಳೇ ಉಳಿದಿದ್ಲು."

ಅಪ್ಪನ ಮುಖ ಕೆಂಪಾಯಿತು. "ಸ್ಪೆಷಲ್ ಕ್ಲಾಸ್ ಅಂತ ಸುಳ್ಳು ಹೇಳಿದ್ಯಾ?"

"ಕೂತ್ಕೊಳ್ಳಿ ಮೆಷಿನ್ ಡಾಕ್ಟ್ರೇ. ಸುಳ್ಳಿನ ವಿಚಾರ ಆಮೇಲೆ. ಅಲ್ಲಿ ಯಾಕೆ ಕೂರ್ತಾಳೆ ಅಂತ ಮೊದಲು ಕೇಳಿ."

ಅಪ್ಪ ಕೇಳಲಿಲ್ಲ. ಅಮ್ಮ ಕೇಳಿದಳು. ಅಕ್ಕ ನೆಲ ನೋಡುತ್ತಾ ಹೇಳಿದಳು. "ಅಲ್ಲಿ ಎಲ್ಲರೂ ಸುಮ್ನೆ ಕೂತಿರ್ತಾರೆ. ಯಾರೂ ನಂಗೆ, ಹೋಗಿ ಅವರಿಗೆ ಹೇಳು, ಇವರಿಗೆ ಹೇಳು ಅನ್ನಲ್ಲ."

ಅಕ್ಕ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಮುಂದುವರಿಸಿದಳು.

"ಮನೆ ಹತ್ರ ಬರ್ತಿದ್ದ ಹಾಗೆ ಹೊಟ್ಟೆ ಹಿಂಡತ್ತೆ. ಒಂದಿನ ನಾನು ಏನಾದ್ರೂ ತಪ್ಪು ಹೇಳಿದ್ರೆ, ಅಮ್ಮ ಮನೆ ಬಿಟ್ಟು ಹೋಗ್ಬಿಡ್ತಾಳೆ ಅಂತ ಭಯ."

ನರ್ಸಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟರು. "ನಂಗೆ ಇನ್ನೊಂದು ಮಾತು ಹೇಳಿದ್ಯಲ್ಲ, ಅದನ್ನ ಇವರಿಗೆ ಹೇಳ್ಲಾ?" ಅಕ್ಕ ಹೂಂ ಎಂದು ತಲೆಯಾಡಿಸಿದಳು. ನರ್ಸಮ್ಮ ಅಪ್ಪ ಅಮ್ಮ ಇಬ್ಬರನ್ನೂ ನೋಡಿ ಹೇಳಿದರು. "ನಾನೇ ಇಲ್ದಿದ್ರೆ ಇವರಿಬ್ರೂ ನೇರ ಮಾತಾಡ್ಕೋತಾರೇನೋ, ನಾನು ಇರದೇ ಇರೋದೇ ಒಳ್ಳೇದೇನೋ ಅಂದ್ಲು. ಹದಿನೈದು ವರ್ಷದ ಮಗು ಹೀಗಂದ್ರೆ ನಾವು ಅದನ್ನ ಹುಡುಗಾಟ ಅನ್ಕೋಬಾರದು. ಅದಕ್ಕೇ ನಾನೇ ಜೊತೇಲಿ ಬಂದೆ."

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಹಿಂಡುತ್ತಾ, "ನಾವು ಇವಳಿಗೆ ಏನು ಕಮ್ಮಿ ಮಾಡಿದೀವಿ ನರ್ಸಮ್ಮ? ಹೊಟ್ಟೆಗೆ ಇಲ್ವಾ, ಬಟ್ಟೆಗೆ ಇಲ್ವಾ? ನಾನು ಕುಡಿಯಲ್ಲ, ಕೈ ಎತ್ತಲ್ಲ. ನಮ್ಮನೇಲಿ ಒಂದು ಜೋರು ಮಾತಿಲ್ಲ" ಎಂದರು.

"ಜೋರು ಮಾತಿಲ್ಲ, ಸರಿ. ಮೆಲ್ಲಗಿನ ಮಾತಾದ್ರೂ ಇದ್ಯಾ?"

ಅಪ್ಪ ಎಣ್ಣೆ ಬಟ್ಟೆಯನ್ನು ಕೆಳಗಿಟ್ಟರು. "ಮನಸ್ಸಿನ ಕಾಯಿಲೆ ಅದೂ ಇದೂ ಅಂತ, ಅದೆಲ್ಲ ದೊಡ್ಡೋರ ಮನೆ ಕಥೆ. ನಮ್ಮಂಥೋರ ಮಕ್ಕಳಿಗೆ ಎಲ್ಲಿಂದ ಬರ್ಬೇಕು?" ಎಂದರು.

"ಎಲ್ಲಾ ಮನೆಗೂ ಬರತ್ತೆ. ಕಷ್ಟ ಇರೋ ಮನೇಲಿ ಮಕ್ಕಳ ಮನಸ್ಸಿಗೆ ಭಾರ ಜಾಸ್ತಿ ಬೀಳಬಹುದು, ಅದು ನಿಜ. ಆದ್ರೆ ಕಷ್ಟ ಇದ್ರೂ ಹಿರಿಯರು ಒಬ್ಬರಿಗೊಬ್ಬರು ಆಗ್ತಾ ಇದ್ರೆ, ಮಕ್ಕಳು ಎಷ್ಟೋ ತಡ್ಕೋತಾರೆ. ಮನೆ ಸೋರಿದ್ರೆ ಮಕ್ಕಳು ಪಾತ್ರೆ ಇಟ್ಟು ಮಲಗ್ತಾರೆ. ಅಪ್ಪ ಅಮ್ಮ ಬೇರೆ ಬೇರೆ ಆಗಿದ್ರೆ, ಪಾಪ, ಅವು ಏನಿಡ್ಬೇಕು? ಇದು ಒಂದೇ ಕಾರಣ ಅಂತ ಎಲ್ಲಾ ಮಕ್ಕಳಿಗೂ ಹೇಳೋಕಾಗಲ್ಲಪ್ಪ. ಶಾಲೆ ಇರತ್ತೆ, ಗೆಳೆಯರಿರ್ತಾರೆ, ದೇಹದ ಬದಲಾವಣೆ ಇರತ್ತೆ. ಇವಳದ್ದು ಮಾತ್ರ ಇವಳೇ ಬಾಯಿಬಿಟ್ಟು ಹೇಳಿದಾಳೆ."

"ನಮ್ಮಪ್ಪ ಅಮ್ಮ ವರ್ಷಗಟ್ಲೆ ಮಾತಾಡ್ತಿರಲಿಲ್ಲ. ನಾನೇನು ಹಾಳಾಗಿ ಹೋದ್ನಾ?" ಅಪ್ಪ ಎಂದರು.

ಆಗ ಬಾಗಿಲಿಂದ ಅಮ್ಮನ ಧ್ವನಿ ಬಂತು. "ನೀವು ಹದಿನಾಲ್ಕನೇ ವಯಸ್ಸಲ್ಲಿ ಮನೆ ಬಿಟ್ಟು ಮೆಷಿನ್ ಅಂಗಡೀಲಿ ಮಲಗೋಕೆ ಶುರು ಮಾಡಿದ್ರಲ್ಲ. ಮನೆ ಕಡೆ ಕಾಲೇ ಬರ್ತಿರಲಿಲ್ಲ ಅಂತ, ಮದುವೆ ಆದ ಹೊಸದರಲ್ಲಿ ನೀವೇ ನಂಗೆ ಹೇಳಿದ್ರಿ."

ಅಮ್ಮ ಅದನ್ನು ಅಕ್ಕನಿಗೆ ಹೇಳಲಿಲ್ಲ, ನರ್ಸಮ್ಮನಿಗೂ ಹೇಳಲಿಲ್ಲ. ಅಪ್ಪನ ಮುಖ ನೋಡಿ, ಅಪ್ಪನಿಗೇ ಹೇಳಿದಳು. ಎಂಟು ತಿಂಗಳಲ್ಲಿ ಅದೇ ಮೊದಲು.

ಅಪ್ಪ ತಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಕ್ಕನನ್ನು ನೋಡಿದರು. ಅವಳ ಶಾಲೆಯ ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಆಮೇಲೆ ಅಮ್ಮನನ್ನು ನೋಡಿದರು.

"ಅವತ್ತು ನಿನ್ನ ಕಳಿಸಬೇಕಾಗಿತ್ತು" ಎಂದರು. "ಹತ್ತು ಮೆಷಿನ್, ಹತ್ತು ಮೆಷಿನ್ ಅಂದೆ. ಸಂಜೆ ಹೊತ್ತಿಗೆ ಕೊಟ್ಟೂ ಕೊಟ್ಟೆ. ಒಂದು ಮೆಷಿನ್ನೂ ಈಗ ನೆನಪಿಲ್ಲ. ನೀನು ಬ್ಯಾಗು ಕೆಳಗಿಟ್ಟಿದ್ದು ಮಾತ್ರ ದಿನಾ ಕಣ್ಣಿಗೆ ಬರತ್ತೆ. ತಪ್ಪಾಯ್ತು. ಹೇಳೋಕೆ ಮುಖ ಇರಲಿಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಜ್ಜಿ ಹೋದಾಗಲೂ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಹೆದರಿ ಆ ಕಡೆ ಒಂದು ಹೆಜ್ಜೆ ಇಟ್ಟಳು, ಈ ಕಡೆ ಒಂದು ಹೆಜ್ಜೆ ಇಟ್ಟಳು. ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ನರ್ಸಮ್ಮನನ್ನು ನೋಡಿದಳು.

"ನೀನು ಒಳಗೆ ಹೋಗಿ ಮುಖ ತೊಳ್ಕೋ ಕಂದ" ಎಂದರು ನರ್ಸಮ್ಮ. "ಇದು ನಿನ್ನ ಕೆಲಸ ಅಲ್ಲ. ಇವರು ದೊಡ್ಡವರು, ನೋಡ್ಕೋತಾರೆ."

ಅಕ್ಕ ಆ ಮಾತನ್ನು ನಂಬಲಾಗದವಳ ಹಾಗೆ ಒಂದು ಗಳಿಗೆ ನಿಂತು, ಆಮೇಲೆ ನನ್ನ ಕೈ ಹಿಡಿದು ಒಳಗೆ ನಡೆದಳು.

ಆಸ್ಪತ್ರೆಗೆ ಬುಧವಾರ ಬುಧವಾರ ಒಬ್ಬರು ಆಪ್ತ ಸಮಾಲೋಚಕಿ ಬರುತ್ತಿದ್ದರು. ಮನಸ್ಸಿನ ಕಷ್ಟಗಳನ್ನು ಕೇಳಿ ದಾರಿ ತೋರಿಸುವವರು. ಅಲ್ಲಿಗೆ ಹೋಗೋಣ ಎಂದು ನರ್ಸಮ್ಮ ಹೇಳಿದಾಗ ಅಪ್ಪ ಮತ್ತೆ ಹಿಂದೇಟು ಹಾಕಿದರು. "ಹುಡುಗಿ ವಿಷಯ. ನಾಲ್ಕು ಜನ ಏನಂತಾರೆ?"

"ಕಳೆದ ವರ್ಷ ನಿಮಗೆ ಸೂಜಿ ಕಣ್ಣು ಕಾಣಲಿಲ್ಲ, ಕನ್ನಡಕ ಮಾಡ್ಸಿದ್ರಿ. ಅವತ್ತು ನಾಲ್ಕು ಜನಾನ ಕೇಳ್ಕೊಂಡು ಹೋಗಿದ್ರಾ?"

ಅಪ್ಪ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. ಬುಧವಾರ ಅಂಗಡಿಯ ಬಾಗಿಲು ಅರ್ಧ ದಿನ ಮುಚ್ಚಿತ್ತು. ಅಕ್ಕ ಒಬ್ಬಳೇ ಮೊದಲು ಮಾತಾಡಿದಳಂತೆ, ಆಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ಯಾರೂ ಹೇಳಲಿಲ್ಲ. ಬರುವಾಗ ಮೂರೂ ಜನ ಒಟ್ಟಿಗೆ ನಡೆದು ಬಂದದ್ದನ್ನು ಮೆಟ್ಟಿಲ ಮೇಲಿಂದ ನೋಡಿದೆ.

ಅವತ್ತೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮಾತು ಬಿಟ್ಟವರಿಗೆ ಮತ್ತೆ ಮಾತು ಹಿಡಿಯುವುದು ಸುಲಭವಲ್ಲ. ಅಪ್ಪ ಊಟಕ್ಕೆ ಕೂತು "ಉಪ್ಪು" ಎನ್ನುತ್ತಿದ್ದರು. ಅಮ್ಮ "ಇದೆ" ಎನ್ನುತ್ತಿದ್ದಳು. ಅಷ್ಟಕ್ಕೇ ಇಬ್ಬರಿಗೂ ಬೆವರು. ಒಮ್ಮೊಮ್ಮೆ ಅಮ್ಮ ಮರೆತು, "ಹೇಳು ನಿಮ್ಮಪ್ಪನಿಗೆ" ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಒಲೆ ಸಣ್ಣ ಮಾಡಿ ತಾನೇ ಅಂಗಡಿಗೆ ಹೋಗುತ್ತಿದ್ದಳು.

ಮಾತು ಬಂದ ಮೇಲೆ ಜಗಳವೂ ಬಂತು. ಒಂದು ಬೆಳಗ್ಗೆ ಅಂಗಡಿಯಲ್ಲಿ ಇಬ್ಬರದೂ ಧ್ವನಿ ಏರಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಅವತ್ತು ಅವಳು ಊಟ ಮಾಡಲಿಲ್ಲ, ಹೊಟ್ಟೆನೋವು ಮತ್ತೆ ಬಂತು. ಸಂಜೆ ಅಪ್ಪ ಬಂದು ನಮ್ಮಿಬ್ಬರ ಮುಂದೆ ನಿಂತರು. ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಕೈ ಕಟ್ಟಿಕೊಂಡು ಹೇಳಿದರು. "ಬೆಳಗ್ಗೆ ನಾನೂ ನಿಮ್ಮಮ್ಮನೂ ಜೋರಾಗಿ ಮಾತಾಡಿದ್ವಿ. ಮಧ್ಯಾಹ್ನ ಸರಿ ಮಾಡ್ಕೊಂಡ್ವಿ. ಜಗಳ ನಿಮಗೆ ಕೇಳಿಸ್ತು, ಸರಿಹೋಗಿದ್ದೂ ಗೊತ್ತಿರ್ಲಿ ಅಂತ ಹೇಳ್ತಿದೀನಿ." ಹೇಳಿ ಮುಗಿಸಿ ಓಡಿದಂತೆ ಹೊರಗೆ ಹೋದರು. ನಡುಮನೆಯಲ್ಲಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಒಂದು ಭಾನುವಾರ ಅಪ್ಪ ಅಮ್ಮನನ್ನು ಅಜ್ಜಿಯ ಊರಿಗೆ ಕರೆದುಕೊಂಡು ಹೋದರು. ಅಜ್ಜಿಯ ಮನೆಗೆ ಬೀಗ ಹಾಕಿತ್ತಂತೆ. ಇಬ್ಬರೂ ಜಗಲಿಯ ಮೇಲೆ ಸಂಜೆಯವರೆಗೆ ಕೂತು ಬಂದರಂತೆ. ಏನು ಮಾತಾಡಿದಿರಿ ಎಂದು ಅಮ್ಮನನ್ನು ಕೇಳಿದೆ. "ನಮ್ಮಮ್ಮನ ವಿಷಯ" ಎಂದಷ್ಟೇ ಹೇಳಿದಳು.

ಅಕ್ಕ ಸುಮಾರು ಒಂದು ವರ್ಷ ಬುಧವಾರಗಳಂದು ಆಸ್ಪತ್ರೆಗೆ ಹೋದಳು. ಈ ಸಲ ಚೀಟಿ ಮಾಡಿಸಿಕೊಂಡೇ ಹೋದಳು. ಲೆಕ್ಕದ ಮೇಷ್ಟ್ರನ್ನು ಅಪ್ಪ ಅಮ್ಮ ಇಬ್ಬರೂ ಹೋಗಿ ನೋಡಿದರು. ಮೇಷ್ಟ್ರು ಅವಳನ್ನು ಮುಂದಿನ ಬೆಂಚಿಗೆ ಕೂರಿಸಿಕೊಂಡು, ಬಿಟ್ಟುಹೋದ ಪಾಠಗಳನ್ನು ಹೇಳಿಕೊಟ್ಟರು. ನೋವು ವಾರಕ್ಕೆ ನಾಲ್ಕು ದಿನ ಬರುತ್ತಿದ್ದದ್ದು ಒಂದು ದಿನವಾಯಿತು, ಆಮೇಲೆ ಯಾವಾಗಲೋ ಒಮ್ಮೆ. ಪರೀಕ್ಷೆಯಲ್ಲಿ ಮೊದಲಿನಷ್ಟು ಅಂಕ ಬರಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ.

ಅವಳು ಹುಷಾರಾದಳು ಎಂದು ನನಗೆ ತಿಳಿದದ್ದು ಯಾವಾಗ ಗೊತ್ತೇ? ಒಂದು ಬೆಳಗ್ಗೆ ನಾನು ಅವಳ ಬಾಚಣಿಗೆ ತೆಗೆದುಕೊಂಡೆ. ಅವಳು ನನ್ನ ಜಡೆ ಹಿಡಿದು ಎಳೆದು, "ಕೊಡೇ ಕತ್ತೆ, ಹೇನು ಹತ್ತಿಸ್ತೀಯಾ?" ಎಂದು ಬೀದಿಗೆ ಕೇಳುವ ಹಾಗೆ ಕಿರುಚಿದಳು. ನಾನು ಅಳುತ್ತಾ ಅಮ್ಮನ ಹತ್ತಿರ ಓಡಿದೆ. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸಮವಸ್ತ್ರ ಹೊಲಿಯುತ್ತಿದ್ದಳು. ನನ್ನ ಪರ ಒಂದು ಮಾತೂ ಆಡದೆ ನಗುತ್ತಾ ಕೂತಳು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅಮ್ಮನ ಆ ನಗು ಅರ್ಥವಾಗುತ್ತದೆ.

ಆ ಉದ್ದನೆಯ ಮನೆ ಈಗಿಲ್ಲ. ಅಲ್ಲಿ ಮೂರು ಮಹಡಿಯ ಕಟ್ಟಡ ಎದ್ದಿದೆ. ಅಪ್ಪ ಅಮ್ಮ ನನ್ನ ಜೊತೆ ಇದ್ದಾರೆ. ದಿನಕ್ಕೆರಡು ಸಲ ಜಗಳ ಆಡುತ್ತಾರೆ, ನೇರವಾಗಿಯೇ ಆಡುತ್ತಾರೆ. ಅಕ್ಕನಿಗೆ ಈಗ ನಲವತ್ತೈದು. ಅವಳ ಮಗನಿಗೆ ಹದಿನಾರು. ಈ ಕಥೆಯನ್ನು ನಮ್ಮ ಮಹಿಳಾ ಗುಂಪಿನಲ್ಲಿ ಹೇಳಲೇ ಎಂದು ಅವಳನ್ನು ಕೇಳಿದೆ. "ಹೇಳು. ಅಪ್ಪ ಅಮ್ಮನ್ನ ಕೆಟ್ಟವರು ಮಾಡಿ ಹೇಳ್ಬೇಡ. ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ನೆ ಕೂರಲಿಲ್ಲ" ಎಂದಳು.

ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯಲ್ಲೂ ಹರೆಯದ ಒಂದು ಮಗು ಇರಬಹುದು. ಮೊದಲಿನ ಹಾಗೆ ನಗದೆ ಇರಬಹುದು, ಗೆಳೆಯರನ್ನು ಬಿಟ್ಟಿರಬಹುದು, ಊಟ ನಿದ್ದೆ ಕೆಟ್ಟಿರಬಹುದು, ಡಾಕ್ಟರಿಗೆ ಸಿಗದ ನೋವು ಹೇಳುತ್ತಿರಬಹುದು. ಅದನ್ನು ಸೋಮಾರಿತನ ಎಂದು ಬೈಯುವ ಮೊದಲು, ನಮ್ಮ ಮನೆ ಆ ಮಗುವಿಗೆ ಹೇಗೆ ಕಾಣುತ್ತಿದೆ ಎಂದು ಒಮ್ಮೆ ಯೋಚಿಸಿ. ನಿಮ್ಮ ನಿಮ್ಮಲ್ಲಿ ಮುನಿಸಿದ್ದರೆ ನೀವೇ ಕೂತು ಮಾತಾಡಿ, ಮಕ್ಕಳನ್ನು ನಡುವೆ ನಿಲ್ಲಿಸಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ, ಆರೋಗ್ಯ ಕೇಂದ್ರದಲ್ಲಿ, ಶಾಲೆಯಲ್ಲಿ ಕೇಳಿದರೆ ಸಹಾಯ ಮಾಡುವವರು ಸಿಗುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. "ನಾನು ಇರೋದೇ ಬೇಡ" ಎಂಬಂಥ ಮಾತು ಮಗುವಿನ ಬಾಯಲ್ಲಿ ಬಂದರೆ ಮಾತ್ರ ನಾಳೆಗೆ ದೂಡಬೇಡಿ. ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇವತ್ತು ಸಂಜೆ ಮನೆಗೆ ಹೋದ ಮೇಲೆ ಆ ಮಗುವಿನ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಅಂಕದ ಮಾತು ಬೇಡ, ಕೆಲಸದ ಮಾತು ಬೇಡ. "ಹೇಗಿದ್ದೀಯಾ?" ಎಂದು ಕೇಳಿ. ಉತ್ತರ ಬರುವುದು ತಡವಾದರೆ ಎದ್ದು ಹೋಗಬೇಡಿ.